ತುಕ್ಕಿನೊಳಗಿನ ಇತಿಹಾಸ: ಭಾಗ್ಯನಗರದ ಗುಜರಿ ಕಾರುಗಳ ಮರುಹುಟ್ಟು

ಊರಿನಿಂದ ಬಂಧುಬಳಗ ಹೈದರಾಬಾದಿಗೆ ಬಂದರೆ ನಾವು ಅವರನ್ನು ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ಯುವುದು ವಾಡಿಕೆ. ಜೊತೆಯಲ್ಲಿ ಮಕ್ಕಳಿದ್ದರೆ ನೆಹರೂ ಮೃಗಾಲಯವೂ ಆಗಲೇಬೇಕು. ಆ ಮೃಗಾಲಯದ ಸಮೀಪದಲ್ಲಿಯೇ, ಬಹದ್ದೂರ್‌ಪುರದಲ್ಲಿ, ಇನ್ನೊಂದು ವಿಚಿತ್ರ ಸಂಗ್ರಹಾಲಯವಿದೆ. ಅಲ್ಲಿ ಬದನೆಕಾಯಿಯ ಆಕಾರದ ಕಾರಿದೆ, ಬೂಟಿನ ಆಕಾರದ ಕಾರಿದೆ, ಚಹಾ ಕಪ್ಪಿನ ಆಕಾರದ ಕಾರಿದೆ. ಇವು ಬರಿಯ ಬೊಂಬೆಗಳಲ್ಲ, ಓಡಿಸಲೆಂದೇ ಮಾಡಿದ ಗಾಡಿಗಳು. ಬಹುಪಾಲು ಗುಜರಿ ಸಾಮಾನಿನಿಂದ ಹುಟ್ಟಿದವು. ಅಲ್ಲಿಂದ ಸ್ವಲ್ಪ ದೂರದ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರು ನಿಂತಿದೆ. ಅದು ನೂರಕ್ಕೂ ಹೆಚ್ಚು ವರ್ಷ ಹಳೆಯದು. ಆದರೂ ನಿನ್ನೆ ಮೊನ್ನೆ ಕಾರ್ಖಾನೆಯಿಂದ ಹೊರಬಂದಂತೆ ಥಳಥಳಿಸುತ್ತದೆ.

ಹಳೆಯ ಕಾರನ್ನು ಉಳಿಸುವ ಎರಡು ದಾರಿಗಳು ಹೀಗೆ ಒಂದೇ ಹಳೇ ಪಟ್ಟಣದಲ್ಲಿ ಅಕ್ಕಪಕ್ಕ ಕಾಣುತ್ತವೆ. ಒಂದು, ಅದು ಹೇಗಿತ್ತೋ ಹಾಗೆಯೇ ತಂದು ನಿಲ್ಲಿಸುವುದು. ಇನ್ನೊಂದು, ಅದರಿಂದ ಹಿಂದೆಂದೂ ಇಲ್ಲದ ಮತ್ತೊಂದನ್ನು ಹುಟ್ಟಿಸುವುದು. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು. ಅದಕ್ಕೆ ಸಂಗ್ರಹಾಲಯವಿಲ್ಲ, ಟಿಕೇಟಿಲ್ಲ, ಫಲಕವಿಲ್ಲ. ಮನೆಯಂಗಳದಲ್ಲಿಯೋ ಗಲ್ಲಿಯ ಶೆಡ್ಡಿನಲ್ಲಿಯೋ ತುಕ್ಕು ಹಿಡಿದ ಕಾರೊಂದನ್ನು ಕಿತ್ತು, ಸಿಕ್ಕಿದ ಬಿಡಿಭಾಗ ಸೇರಿಸಿ, ಮತ್ತೆ ರಸ್ತೆಗಿಳಿಸಿದವರ ದಾರಿ ಅದು. ಈ ಮೂರನೆಯ ದಾರಿಯ ಇತಿಹಾಸವೇ ಎಲ್ಲಕ್ಕಿಂತ ಬೇಗ ಅಳಿಯುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದಲೇ ಈ ಲೇಖನ.

ಅರಮನೆಯ ಗಾಡಿಖಾನೆ

ಹೈದರಾಬಾದ್ ಸಂಸ್ಥಾನದಲ್ಲಿ ಮೋಟಾರು ಮೊದಲು ಶ್ರೀಮಂತರ ವಸ್ತುವಾಗಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯಿಂದ ‘ಸಿಲ್ವರ್ ಘೋಸ್ಟ್’ ಜಾತಿಯ ಕಾರೊಂದನ್ನು ತರಿಸಲು ಹೇಳಿದರು. ಕಾರು ಬರುವ ಮೊದಲೇ, 1911ರ ಆಗಸ್ಟ್ ತಿಂಗಳಲ್ಲಿ, ಅವರು ತೀರಿಕೊಂಡರು. ಕಾರು ಬಂದದ್ದು ಅವರ ಮಗ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲಕ್ಕೆ. 1912ರ ಆ ಕಾರಿನ ಒಡಲನ್ನು ಲಂಡನ್ನಿನ ಬಾರ್ಕರ್ ಎಂಬ ಹೆಸರಾಂತ ಸಾರೋಟು ತಯಾರಕರು ಕಟ್ಟಿದರು. ಹಿಂಬದಿಯಲ್ಲಿ ನಿಜಾಮರಿಗೆಂದು ಉಳಿದವರ ಆಸನಕ್ಕಿಂತ ಎತ್ತರವಾದ, ಸಿಂಹಾಸನದಂಥ ಪೀಠವಿತ್ತು. ಆದ್ದರಿಂದಲೇ ಅದಕ್ಕೆ ‘ಸಿಂಹಾಸನದ ಕಾರು’ ಎಂಬ ಹೆಸರು ಬಂತು.

ಈ ಕಾರಿನ ಸೋಜಿಗವೆಂದರೆ ಅದು ಓಡಿದ ದೂರ. ಮೆರವಣಿಗೆಗಳಲ್ಲಿ ಮಾತ್ರ ಹೊರಡುತ್ತಿದ್ದ ಈ ಕಾರು ದಶಕಗಳಲ್ಲಿ ಓಡಿದ್ದು ಮುನ್ನೂರೈವತ್ತು ಮೈಲಿಯ ಆಚೀಚೆ ಎಂದು ಹೇಳುತ್ತಾರೆ. ಇಂದು ನಾವು ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ಸಲ ಹೋದರೆ ಅಷ್ಟು ದೂರ ಮುಗಿದುಹೋಗುತ್ತದೆ. ಉಸ್ಮಾನ್ ಅಲಿ ಖಾನರು ಜಗತ್ತಿನ ಅತಿ ದೊಡ್ಡ ಸಿರಿವಂತರಲ್ಲೊಬ್ಬರೆಂದು ಹೆಸರಾಗಿದ್ದರೂ ತಮ್ಮ ಸ್ವಂತ ಬಳಕೆಯಲ್ಲಿ ಕೈ ಬಿಗಿ ಹಿಡಿದವರು. 1967ರ ಫೆಬ್ರವರಿಯಲ್ಲಿ ಅವರು ಕಾಲವಾದಾಗ ಕಿಂಗ್ ಕೋಠಿಯ ಗ್ಯಾರೇಜುಗಳಲ್ಲಿ ಹತ್ತಾರು ಕಾರುಗಳು ನಿಂತಲ್ಲೇ ತುಕ್ಕು ಹಿಡಿಯುತ್ತಿದ್ದವು.

ಮುಂದೆ ರಾಜಕುಮಾರಿ ಎಸ್ರಾ ಅವರ ಆಸಕ್ತಿಯಿಂದ ಚೌಮಹಲ್ಲಾ ಅರಮನೆಯ ಜೀರ್ಣೋದ್ಧಾರ ನಡೆಯಿತು. 2005ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೋದ ಮನ್ನಣೆಯನ್ನೂ ಪಡೆಯಿತು. ಸಿಂಹಾಸನದ ಕಾರೂ ಈ ಶತಮಾನದಲ್ಲಿಯೇ ಮರುಜೀವ ಪಡೆದು ಅಲ್ಲಿ ನಿಂತಿದೆ. ಪುರಾನಿ ಹವೇಲಿಯ ನಿಜಾಮ್ ಸಂಗ್ರಹಾಲಯದಲ್ಲಿ 1930ರ ಇನ್ನೊಂದು ರೋಲ್ಸ್ ರಾಯ್ಸ್, ಒಂದು ಪ್ಯಾಕಾರ್ಡ್, ಒಂದು ಜಾಗ್ವಾರ್ ಇವೆ.

ಇಂಥ ಜೀರ್ಣೋದ್ಧಾರಕ್ಕೆ ಹಣ ಬೇಕು, ತಾಳ್ಮೆ ಬೇಕು, ವಿದೇಶದಿಂದ ಬರುವ ನಕ್ಷೆ ಮತ್ತು ಬಿಡಿಭಾಗಗಳು ಬೇಕು. ಮೂಲದಲ್ಲಿ ಇಲ್ಲದ್ದು ಒಂದೂ ಸೇರಬಾರದೆಂಬುದು ಅಲ್ಲಿಯ ನೇಮ. ಈ ನೇಮ ಒಳ್ಳೆಯದೇ. ಆದರೆ ದೇಶದ ಸಾವಿರಾರು ಹಳೆಯ ಕಾರುಗಳು ಬದುಕಿ ಉಳಿದದ್ದು ಈ ನೇಮದಿಂದಲ್ಲ, ಅದನ್ನು ಮುರಿದದ್ದರಿಂದ.

ಕೈಕಸುಬು ಬಂದ ದಾರಿ

ಕಾರನ್ನು ಕೊಳ್ಳಲು ಸಿರಿ ಸಾಕು. ಕೆಟ್ಟ ಕಾರನ್ನು ಎಬ್ಬಿಸಲು ಕಸುಬು ಬೇಕು. ಆ ಕಸುಬು ಈ ನಗರಕ್ಕೆ ಅರಮನೆಯಿಂದ ಬರಲಿಲ್ಲ. ರೈಲು, ಬಸ್ಸು, ಕಾರ್ಖಾನೆಗಳಿಂದ ಬಂತು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ಬಿತ್ತು. ವಾಡಿ ಇಂದು ಕಲಬುರಗಿ ಜಿಲ್ಲೆಯ ಊರು. ನಮ್ಮಲ್ಲಿ ಅನೇಕರ ಹಿರಿಯರು ಈ ನಗರಕ್ಕೆ ಬಂದದ್ದು ಇದೇ ಹಾದಿಯಲ್ಲಿ. ರೈಲಿನ ಬೆನ್ನಿಗೇ ಲಾಲಾಗುಡದ ದೊಡ್ಡ ವರ್ಕ್‌ಷಾಪು ಬಂತು. ಕುಲುಮೆ, ಲೇತು, ಬಡಗಿಯ ಕೆಲಸ, ಬಣ್ಣದ ಕೆಲಸ ಎಲ್ಲವೂ ಅಲ್ಲಿ ಒಂದೇ ಆವರಣದೊಳಗೆ ಇದ್ದವು. ಲೋಹವನ್ನು ಅಳತೆಗೆ ತಕ್ಕಂತೆ ಕಡೆಯುವ ಕಲೆ ಈ ಊರಿನ ಸಾಮಾನ್ಯರ ಕೈಗೆ ಬಂದದ್ದು ಇಂಥ ಕಡೆಗಳಲ್ಲಿ.

1932ರ ಜೂನ್ ತಿಂಗಳಲ್ಲಿ ನಿಜಾಮ್ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಶುರುವಾಯಿತು. ಆಗ ಇದ್ದದ್ದು 27 ಬಸ್ಸು, 166 ಮಂದಿ ನೌಕರರು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ಅವುಗಳಲ್ಲಿ ಹತ್ತೊಂಬತ್ತು ಆಸನದ ಒಂದು ಬಸ್ಸನ್ನು ಸಾರಿಗೆ ಸಂಸ್ಥೆಯವರು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ‘ಡೆಕ್ಕನ್ ಕ್ವೀನ್’ ಎಂದು ಅದಕ್ಕೆ ಹೆಸರು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಹಾಗಾಗಿ ಈ ಸಾರಿಗೆಯ ಕಥೆ ತೆಲಂಗಾಣದವರದಷ್ಟೇ ಅಲ್ಲ, ನಮ್ಮದೂ ಹೌದು.

1942ರಲ್ಲಿ ಹೈದರಾಬಾದ್ ಆಲ್ವಿನ್ ಕಾರ್ಖಾನೆ ಸ್ಥಾಪನೆಯಾಯಿತು. ನಮ್ಮ ಮನೆಗಳು ಆ ಹೆಸರನ್ನು ಫ್ರಿಜ್ಜಿನ ಮೇಲೆ, ಕಬ್ಬಿಣದ ಬೀರುವಿನ ಮೇಲೆ ಕಂಡಿವೆ. ಆದರೆ ಆಲ್ವಿನ್ ಬಸ್ಸಿನ ಒಡಲು ಕಟ್ಟುವುದರಲ್ಲಿಯೂ ಹೆಸರು ಮಾಡಿತ್ತು. 1943ರಲ್ಲಿ ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಬಂತು. ತಗಡನ್ನು ಬಡಿದು ಬಾಗಿಸುವವರು, ಬೆಸೆಯುವವರು, ಹಲ್ಲಿನ ಚಕ್ರ ಕೊರೆಯುವವರು ಹೀಗೆ ನಗರದ ತುಂಬ ತಯಾರಾದರು. ಹಗಲು ಕಾರ್ಖಾನೆಯಲ್ಲಿ ಕಲಿತ ಕೈ ಸಂಜೆ ಗಲ್ಲಿಯ ಶೆಡ್ಡಿನಲ್ಲಿ ದುಡಿಯುವುದು ಯಾವ ಊರಿಗೂ ಹೊಸದಲ್ಲ. ಆ ಶೆಡ್ಡುಗಳಲ್ಲಿ ‘ಉಸ್ತಾದ್’ ಇದ್ದ, ಅವನ ಕೈಕೆಳಗೆ ಹುಡುಗರಿದ್ದರು. ಪುಸ್ತಕವಿಲ್ಲ, ನಕ್ಷೆಯಿಲ್ಲ. ‘ಪಾನಾ ಕೊಡು’ ಎಂದರೆ ಯಾವ ನಂಬರಿನದು ಎಂದು ಕೇಳದೆ ಕೊಡುವಷ್ಟು ಪಳಗಿದಾಗ ಹುಡುಗನ ಮೊದಲ ಪಾಠ ಮುಗಿಯಿತೆಂದು ಲೆಕ್ಕ.

ಕಾರು ಗುಜರಿಗೆ ಬಂದದ್ದು ಹೇಗೆ

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮರುವರ್ಷ, 1949ರಲ್ಲಿ, ಜಹಗೀರುಗಳು ರದ್ದಾದವು. ಜಹಗೀರಿನ ಆದಾಯದಿಂದ ನಡೆಯುತ್ತಿದ್ದ ದೇವಡಿಗಳಲ್ಲಿ ಆನೆ ಕುದುರೆಗಳ ಹಾಗೆಯೇ ಕಾರುಗಳೂ ಸಾಕಲಾರದ ಹೊರೆಯಾದವು. ದೊಡ್ಡ ದೊಡ್ಡ ವಿದೇಶಿ ಕಾರುಗಳು ಕೈ ಬದಲಾಯಿಸುತ್ತ ಹೋದವು. ನವಾಬರಿಂದ ಗುತ್ತಿಗೆದಾರರಿಗೆ, ಅವರಿಂದ ಬಾಡಿಗೆ ಗಾಡಿಯವರಿಗೆ, ಕೊನೆಗೆ ಕಬಾಡಿಯವನಿಗೆ.

ಇದೇ ಹೊತ್ತಿಗೆ ದೇಶದ ಧೋರಣೆಯೂ ಬದಲಾಯಿತು. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಬೊಂಬಾಯಿಯಲ್ಲಿ ಕಾರು ಜೋಡಿಸುತ್ತಿತ್ತು. ಫೋರ್ಡ್ ಕಂಪನಿಯೂ ಜೋಡಿಸುತ್ತಿತ್ತು. ಬಿಡಿಭಾಗ ತಂದು ಜೋಡಿಸಿದರೆ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದು ಸರಕಾರ ಹೇಳಿದ ಮೇಲೆ ಇವೆರಡೂ 1950ರ ದಶಕದ ಮಧ್ಯದ ಹೊತ್ತಿಗೆ ಅಂಗಡಿ ಮುಚ್ಚಿದವು. ಉಳಿದದ್ದು ಮುಖ್ಯವಾಗಿ ಮೂರು ಮನೆತನ: ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಡರ್, ಪ್ರೀಮಿಯರ್ ಕಂಪನಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹೊರದೇಶದ ಕಾರಿಗೂ ಬಿಡಿಭಾಗಕ್ಕೂ ಭಾರಿ ಸುಂಕ, ಜೊತೆಗೆ ಪರವಾನಗಿಯ ತೊಡಕು.

ಇಂಥ ಕಾಲದಲ್ಲಿ ಮಧ್ಯಮ ವರ್ಗದವನೊಬ್ಬ ಕಾರಿಟ್ಟುಕೊಳ್ಳಬೇಕೆಂದರೆ ಹಳೆಯದರ ಮೊರೆ ಹೋಗಬೇಕಾಯಿತು. ಆಸ್ಟಿನ್, ಮಾರಿಸ್, ಹಿಲ್‌ಮನ್, ಯುದ್ಧ ಮುಗಿದ ಮೇಲೆ ಸೈನ್ಯದ ಹರಾಜಿನಲ್ಲಿ ಬಿಕರಿಯಾದ ವಿಲ್ಲಿಸ್ ಜೀಪು ಇವೆಲ್ಲ ಬದುಕಿದ್ದು ಹೀಗೆ. ಬಿಡಿಭಾಗ ಹುಟ್ಟಿದೂರಿನಿಂದ ಬಾರದಿದ್ದಾಗ ಅಂಬಾಸಡರಿನದೋ ಫಿಯೆಟ್ಟಿನದೋ ತಂದು ಕೂಡಿಸುತ್ತಿದ್ದರು. ಕೂಡದಿದ್ದರೆ ಲೇತಿನಲ್ಲಿ ಕಡೆಸುತ್ತಿದ್ದರು. 1973ರಲ್ಲಿ ಜಗತ್ತಿನಲ್ಲೆಲ್ಲ ತೈಲದ ಬೆಲೆ ಏರಿದಾಗ ಪೆಟ್ರೋಲನ್ನು ನೀರಿನಂತೆ ಕುಡಿಯುವ ಅಮೆರಿಕನ್ ಕಾರುಗಳಿಗೆ ಎರಡೇ ಗತಿ: ಒಂದೋ ಗುಜರಿ, ಇಲ್ಲವೋ ಡೀಸೆಲ್ ಎಂಜಿನು.

ಗುಜರಿ ಎಂದರೆ ಸತ್ತ ಸಾಮಾನಿನ ರಾಶಿ ಎಂದು ನಾವು ತಿಳಿಯುತ್ತೇವೆ. ಆದರೆ ಆ ಕಾಲದ ಗುಜರಿ ಒಂದು ಬಗೆಯ ಭಂಡಾರ. ಸಿಕಂದರಾಬಾದಿನ ರಾಣಿಗಂಜ್ ಇಂದಿಗೂ ಯಂತ್ರದ ಬಿಡಿಭಾಗ, ಬೇರಿಂಗು, ಕಬ್ಬಿಣದ ಸಾಮಾನಿಗೆ ಹೆಸರಾದ ಪೇಟೆ. ಹಳೇ ಪಟ್ಟಣದ ಕಡೆ ಗುರುವಾರ ಸೇರುವ ಜುಮೇರಾತ್ ಬಜಾರಿನಲ್ಲಿ ಹಳೆಯ ಸಾಮಾನು ನೆಲದ ಮೇಲೆ ಹರಡಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಬಲ್ಲವರಿಗೆ ಈ ನೋಟ ಹೊಸದಲ್ಲ. ಒಬ್ಬನಿಗೆ ಕಸವಾದದ್ದು ಇನ್ನೊಬ್ಬನಿಗೆ ಬಹುದಿನ ಹುಡುಕಿದ ಕಾರ್ಬ್ಯುರೇಟರ್. ನಮ್ಮಲ್ಲಿ ‘ಕಸದಿಂದ ರಸ’ ಎನ್ನುತ್ತಾರಲ್ಲ, ಆ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮನೆಯಂಗಳದ ಕೆಲಸ

ತುಕ್ಕು ಹಿಡಿದ ಕಾರನ್ನು ಮನೆಯಲ್ಲಿ ಎಬ್ಬಿಸುವುದೆಂದರೆ ಏನೇನು ಕೆಲಸ ಎಂಬುದನ್ನು ಇಂದಿನ ಮಕ್ಕಳು ತಿಳಿಯಬೇಕು. ಈಗ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ಕಿನ ಮುಚ್ಚಳ ಕಾಣುತ್ತದೆ. ಆಗ ಎಂಜಿನು ಬೆತ್ತಲೆಯಾಗಿ ಕಾಣುತ್ತಿತ್ತು. ಕಾಣುವುದರಿಂದಲೇ ಕಲಿಯಲು ಸಾಧ್ಯವಾಗುತ್ತಿತ್ತು.

ಮೊದಲ ಕೆಲಸ ತುಕ್ಕಿನ ತನಿಖೆ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಣ್ಣ ಮೊದಲು ಉಬ್ಬುತ್ತದೆ, ಆಮೇಲೆ ಉದುರುತ್ತದೆ. ಹೊರಗೆ ಗುಳ್ಳೆಯಷ್ಟು ಕಂಡರೆ ಒಳಗೆ ಅಂಗೈಯಗಲ ತಿಂದಿದೆಯೆಂದೇ ಅರ್ಥ. ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಎಲೆ ಕೊಳೆತು ನೀರು ಹರಿಯುವ ಕಿಂಡಿಗಳು ಮುಚ್ಚಿಹೋಗುತ್ತವೆ. ಬಾಗಿಲಿನ ಕೆಳ ಅಂಚು, ಕಾಲಿಡುವ ನೆಲ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ ಇವು ಮೊದಲು ಹೋಗುವ ಜಾಗಗಳು. ಸುತ್ತಿಗೆಯ ಹಿಡಿಯಿಂದ ತಟ್ಟಿ ಸದ್ದು ಕೇಳಿದರೆ ಬಲ್ಲವರಿಗೆ ತಿಳಿಯುತ್ತದೆ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.

ಎರಡನೆಯದು ಎಂಜಿನು. ಬಹಳ ಕಾಲ ನಿಂತ ಎಂಜಿನಿನಲ್ಲಿ ಪಿಸ್ಟನ್‌ಗಳು ಸಿಲಿಂಡರಿಗೆ ಅಂಟಿಕೊಂಡಿರುತ್ತವೆ. ಅವಸರದಲ್ಲಿ ಸ್ಟಾರ್ಟ್ ಮಾಡಹೋದರೆ ಉಂಗುರಗಳು ಮುರಿಯುತ್ತವೆ. ಹಳಬರ ಕ್ರಮ ಬೇರೆ. ಪ್ಲಗ್ಗುಗಳನ್ನು ಕಳಚಿ, ಆ ತೂತುಗಳಲ್ಲಿ ಸೀಮೆಎಣ್ಣೆಗೆ ಎಂಜಿನ್ ಎಣ್ಣೆ ಬೆರೆಸಿ ಸುರಿಯುವುದು. ದಿನಗಟ್ಟಲೆ ಹಾಗೆಯೇ ಬಿಡುವುದು. ಆಮೇಲೆ ಮುಂದಿನ ಹ್ಯಾಂಡಲಿನಿಂದ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಅಲುಗಿಸುವುದು. ಒಮ್ಮೆ ಅಲುಗಿದರೆ ಅರ್ಧ ಗೆದ್ದಂತೆ. ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ದಪ್ಪನೆಯ ಪಿಸ್ಟನ್ ಹಾಕಬೇಕು. ಯುದ್ಧಕ್ಕೆ ಮುಂಚಿನ ಕೆಲವು ಕಾರುಗಳಲ್ಲಿ ಬೇರಿಂಗು ಅಂಗಡಿಯಲ್ಲಿ ಸಿಗುವಂಥದಲ್ಲ. ಬಿಳಿಲೋಹವನ್ನು ಕರಗಿಸಿ ಎರಕ ಹೊಯ್ದು, ನೀಲಿ ಬಣ್ಣ ಸವರಿ, ತಾಗಿದ ಕಡೆ ಮಾತ್ರ ಕೈಯಿಂದ ಹೆರೆದು ಕೂಡಿಸಬೇಕು. ಈ ಕೆಲಸ ಬಲ್ಲವರು ಇಂದು ಬೆರಳೆಣಿಕೆಯಷ್ಟು.

ಮೂರನೆಯದು ಒಡಲು. ನಮ್ಮ ಕಡೆ ಟಿಂಕರಿಂಗ್ ಎನ್ನುತ್ತಾರೆ, ಇಲ್ಲಿ ಡೆಂಟಿಂಗ್ ಎನ್ನುವುದೂ ಉಂಟು. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಮರದ ದಿಮ್ಮಿಯ ಮೇಲೆ ಬಡಿದು ಅದೇ ಬಾಗಿಗೆ ತಂದು, ಗ್ಯಾಸಿನಿಂದ ಬೆಸೆಯುವುದು. ತಗಡು ಕಾದರೆ ಸೊಟ್ಟಗಾಗುತ್ತದೆ. ಆದ್ದರಿಂದ ಒಂದು ಕಡೆ ಬೊಟ್ಟಿಟ್ಟಂತೆ ಬೆಸೆದು, ಆರಲು ಬಿಟ್ಟು, ಇನ್ನೊಂದು ಕಡೆ ಹೋಗಬೇಕು. ತುಕ್ಕಿನ ಮೇಲೆಯೇ ಪುಟ್ಟಿ ಬಳಿದು ಬಣ್ಣ ಹೊಡೆದು ಮಾರುವ ಸುಲಭದ ದಾರಿಯೂ ಇದೆ. ಅಂಥದ್ದು ಎರಡು ಮಳೆಗಾಲಕ್ಕೆ ಬಯಲಾಗುತ್ತದೆ. ಶುದ್ಧ ಕೆಲಸವೆಂದರೆ ತಗಡು ಬೆಳ್ಳಗಾಗುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಬೇಕಾದಷ್ಟೇ ಪುಟ್ಟಿ ಹಚ್ಚಿ, ನೀರುಕಾಗದದಿಂದ ತಿಕ್ಕಿ, ಆಮೇಲೆ ಬಣ್ಣ ಸಿಂಪಡಿಸುವುದು.

ನಾಲ್ಕನೆಯದು ವಿದ್ಯುತ್ತು ಮತ್ತು ಬ್ರೇಕು. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಒಡಲಿಗೆ ಕೂಡಿಸುತ್ತಿದ್ದರು, ಈಗಿನ ಕ್ರಮಕ್ಕೆ ತದ್ವಿರುದ್ಧ. ತಿಳಿಯದೆ ಹೊಸ ಸಾಮಾನು ಕೂಡಿಸಿದರೆ ಸುಟ್ಟುಹೋಗುತ್ತದೆ. ಹಳೆಯ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು, ಆರು ವೋಲ್ಟನ್ನು ಹನ್ನೆರಡು ವೋಲ್ಟಿಗೆ ಏರಿಸುವುದು ಮನೆಯಲ್ಲಿ ನಡೆಯುತ್ತಿದ್ದ ಸಾಮಾನ್ಯ ಮಾರ್ಪಾಟುಗಳು.

ಎಚ್ಚರದ ಮಾತನ್ನೂ ಹೇಳಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಒಳಗಿನ ಆವಿ ಕಿಡಿ ತಾಗಿದರೆ ಸಿಡಿಯುತ್ತದೆ. ಅದಕ್ಕೆ ಬೆಸುಗೆಯ ಕೆಲಸವನ್ನು ಮನೆಯಲ್ಲಿ ಮಾಡಲೇಬಾರದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಹಳೆಯ ಬಣ್ಣದಲ್ಲಿ ಸೀಸ. ಆ ಧೂಳನ್ನು ಬಾಯಿಂದ ಊದಿ ಹಾರಿಸುವ ಅಭ್ಯಾಸ ಎಷ್ಟೋ ಮಿಸ್ತ್ರಿಗಳ ಎದೆಗೆ ಕೇಡು ತಂದಿದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಬಹದ್ದೂರ್‌ಪುರದ ಬೇರೆಯ ದಾರಿ

1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂತು. 1991ರ ನಂತರ ಆರ್ಥಿಕ ಬಾಗಿಲು ತೆರೆಯಿತು. ಹಳೆಯ ಕಾರನ್ನು ಎಬ್ಬಿಸುವ ಅಗತ್ಯ ಮೆಲ್ಲಮೆಲ್ಲನೆ ಇಲ್ಲವಾಯಿತು. ಅಗತ್ಯ ಹೋದ ಮೇಲೆ ಉಳಿಯುವುದು ಹವ್ಯಾಸ. ಈ ಹವ್ಯಾಸವನ್ನು ಹೈದರಾಬಾದಿನಲ್ಲಿ ಎಲ್ಲರಿಗಿಂತ ದೂರ ಕೊಂಡೊಯ್ದವರು ಸುಧಾ ಕಾರ್ಸ್ ಸಂಗ್ರಹಾಲಯದ ಕೆ. ಸುಧಾಕರ್.

ಶಾಲೆಯ ಹುಡುಗನಾಗಿದ್ದಾಗಲೇ ಗುಜರಿ ಸಾಮಾನು ಕೂಡಿಸಿ ಗಾಡಿ ಮಾಡುವ ಗೀಳು ಅವರಿಗೆ ಹತ್ತಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಗ್ಗಿ ಕಾರು ಕಟ್ಟಿದರು. 2005ರ ಜುಲೈ 1ರಂದು ತಾವು ತಯಾರಿಸಿದ ಮೂರು ಚಕ್ರದ ಭಾರಿ ಸೈಕಲನ್ನು ಹೈದರಾಬಾದಿನಲ್ಲಿ ತುಳಿದು ಗಿನ್ನೆಸ್ ದಾಖಲೆಗೆ ಸೇರಿದರು. ಅದರ ಎತ್ತರ 41 ಅಡಿ 7 ಅಂಗುಲ. ಚಕ್ರದ ಅಡ್ಡಳತೆಯೇ 17 ಅಡಿ. ಒಟ್ಟು ಎತ್ತರ ನಾಲ್ಕಂತಸ್ತಿನ ಮನೆಯಷ್ಟು. 2010ರಲ್ಲಿ ಅವರ ಸಂಗ್ರಹಾಲಯ ತೆರೆಯಿತು. ಕ್ರಿಕೆಟ್ ಚೆಂಡು, ಕ್ಯಾಮರಾ, ಕಂಪ್ಯೂಟರ್, ಸೋಫಾ, ಮಂಚ, ಹೆಲ್ಮೆಟ್, ಹೀಗೆ ಕಣ್ಣಿಗೆ ಕಂಡದ್ದೆಲ್ಲ ಅಲ್ಲಿ ಕಾರಾಗಿದೆ. ಬಗಾರಾ ಬೈಂಗನ್ನಿನ ಊರಿನಲ್ಲಿ ಬದನೆಕಾಯಿಯೊಂದು ಚಕ್ರ ಕಟ್ಟಿಕೊಂಡು ಓಡಿದರೆ ಆಶ್ಚರ್ಯವೇನು?

ಮಕ್ಕಳು ಇವನ್ನು ನೋಡಿ ನಗುತ್ತಾರೆ, ನಗಲಿ. ಆದರೆ ದೊಡ್ಡವರು ಬಗ್ಗಿ ಕೆಳಗೆ ನೋಡಬೇಕು. ಮೇಲಿನ ಆಕಾರ ತಮಾಷೆಯದು. ಕೆಳಗಿನ ಚೌಕಟ್ಟು, ಸ್ಟಿಯರಿಂಗ್, ಬ್ರೇಕು ತಮಾಷೆಯದಲ್ಲ. ಗುಂಡಗಿನ ಚೆಂಡಿನೊಳಗೆ ಎಂಜಿನು ಕೂಡಿಸಿ, ಚಾಲಕನಿಗೆ ಜಾಗ ಬಿಟ್ಟು, ತೂಕ ಒಂದು ಕಡೆ ಬೀಳದಂತೆ ನೋಡಿಕೊಂಡು ಓಡಿಸುವುದು ಗಲ್ಲಿಯ ಶೆಡ್ಡಿನ ಉಸ್ತಾದರು ಕಲಿಸಿದ ವಿದ್ಯೆಯ ಮುಂದುವರಿಕೆಯೇ. ಮಿಸ್ತ್ರಿಯ ಮಾರ್ಪಾಟು ಬಡತನದಿಂದ ಹುಟ್ಟಿತು, ಇದು ಖುಷಿಯಿಂದ ಹುಟ್ಟಿತು. ಕೈ ಒಂದೇ.

ನಮ್ಮ ನಾಡಿನಲ್ಲೂ ಹಳೆಯ ಕಾರುಗಳಿಗೆ ನೆಲೆಯಿದೆ. ಧರ್ಮಸ್ಥಳಕ್ಕೆ ಹೋದವರು ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಕಾರುಗಳ ಸಂಗ್ರಹವನ್ನು ನೋಡಿರುತ್ತಾರೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಅದೇ ಆಸಕ್ತಿಯ ಫಲ. ಮಠಮಂದಿರಗಳ ಜೊತೆಗೆ ಮೋಟಾರನ್ನೂ ಪರಂಪರೆಯೆಂದು ಬಗೆದದ್ದು ಸಣ್ಣ ಮಾತಲ್ಲ.

ಕಾನೂನು ಏನು ಹೇಳುತ್ತದೆ?

ಇಲ್ಲಿಗೆ ನಾವು ಮುಖ್ಯ ಪ್ರಶ್ನೆಗೆ ಬಂದೆವು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲರೂಪದಲ್ಲಿಯೇ ಉಳಿದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಮನ್ನಣೆ. ನಂಬರ್ ಫಲಕದಲ್ಲಿ ‘ವಿಎ’ ಎಂಬ ಗುರುತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಮತ್ತೆ ನೋಂದಾಯಿಸಲು 5,000 ರೂಪಾಯಿ ಎಂದು ಶುಲ್ಕ ಗೊತ್ತುಮಾಡಲಾಯಿತು. ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಚೌಕಟ್ಟು, ಒಡಲು, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಟು ಆಗಿದ್ದರೆ ಈ ಮನ್ನಣೆಯಿಲ್ಲ.

ಇನ್ನೊಂದು ಕಡೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರಲ್ಲಿಯೇ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯೂ ಪ್ರಕಟವಾಯಿತು. ರಸ್ತೆಯ ಸುರಕ್ಷತೆ, ಗಾಳಿಯ ಶುದ್ಧತೆಗಳ ದೃಷ್ಟಿಯಿಂದ ಇವೆಲ್ಲ ಬೇಕಾದವೇ. ಮನಸ್ಸಿಗೆ ಬಂದಂತೆ ಬೆಸೆದ ಚೌಕಟ್ಟು ಹೆದ್ದಾರಿಯಲ್ಲಿ ಮುರಿದರೆ ಸಾಯುವವರು ಅಮಾಯಕರು. ಅದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ ಒಂದು ವಿಪರ್ಯಾಸ ಕಾಣುತ್ತದೆ. ಈ ಏರ್ಪಾಟಿನಲ್ಲಿ ಮಾನ್ಯತೆ ಸಿಗುವುದು ಕದಲದೆ ನಿಂತ ಕಾರಿಗೆ. ಮುನ್ನೂರೈವತ್ತು ಮೈಲಿ ಓಡಿದ ಅರಮನೆಯ ಕಾರು ಮೂಲರೂಪದಲ್ಲಿ ಉಳಿಯುವುದು ಸುಲಭ. ಮೂವತ್ತು ವರ್ಷ ಸಂಸಾರ ಹೊತ್ತು, ಮದುವೆ ಮುಂಜಿಗಳಿಗೆ ಓಡಿ, ರಾತ್ರಿ ಹೊತ್ತು ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ ಕಾರು ಮೂಲರೂಪದಲ್ಲಿ ಉಳಿಯುವುದು ಹೇಗೆ? ಅದರ ಎಂಜಿನು ಒಮ್ಮೆ ಬದಲಾಗಿದೆ, ನೆಲ ಎರಡು ಸಲ ಬದಲಾಗಿದೆ, ದೀಪ ಬೇರೆ ಕಾರಿನದು. ಅಂಥ ಕಾರು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಅದಕ್ಕೆ ಉಳಿದಿರುವುದು ತೂಕದ ಬೆಲೆ.

ನಾವು ಹೇಳುವುದಿಷ್ಟೇ. ಆ ಮಾರ್ಪಾಟುಗಳೇ ನಮ್ಮ ಕಾಲದ ದಾಖಲೆ. ಬೇರೆ ಕಾರಿನ ಎಂಜಿನನ್ನು ಕಂಡಾಗ ಆಮದು ಸುಂಕದ ಕಥೆ ತಿಳಿಯುತ್ತದೆ. ಡೀಸೆಲ್ ಎಂಜಿನನ್ನು ಕಂಡಾಗ 1973ರ ತೈಲದ ಕಥೆ ತಿಳಿಯುತ್ತದೆ. ಕೈಯಿಂದ ಬಡಿದ ಮಡ್‌ಗಾರ್ಡನ್ನು ಕಂಡಾಗ ಆಲ್ವಿನ್ನಿನಂಥ ಕಾರ್ಖಾನೆಗಳು ಬೆಳೆಸಿದ ಕಸುಬಿನ ಕಥೆ ತಿಳಿಯುತ್ತದೆ. ಹಳೆಯ ದೇವಸ್ಥಾನದಲ್ಲಿ ಚಾಲುಕ್ಯರ ಗೋಡೆಯ ಮೇಲೆ ವಿಜಯನಗರದ ಮಂಟಪ, ಅದರ ಮೇಲೆ ಪಾಳೆಯಗಾರರ ಗಾರೆ ಇದ್ದರೆ ನಾವು ಮೂರನ್ನೂ ಓದುತ್ತೇವೆ. ಕಾರಿನ ವಿಷಯದಲ್ಲಿ ಮಾತ್ರ ಮೊದಲನೆಯದನ್ನುಳಿದು ಮಿಕ್ಕದ್ದನ್ನು ಕೆರೆದು ಹಾಕಬೇಕೆಂದರೆ ಹೇಗೆ?

ನಮ್ಮಿಂದ ಆಗುವ ಕೆಲಸ

ಕಾನೂನನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ರಸ್ತೆಗಿಳಿಸಲು ಅನುಮತಿ ಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ಆದರೆ ದಾಖಲೆ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಸಂಘದ ಕುಟುಂಬಗಳಲ್ಲಿ ಯಾರದಾದರೂ ಮನೆಯ ಹಿತ್ತಲಿನಲ್ಲಿ ಅಜ್ಜನ ಕಾರೋ ತಂದೆಯ ಸ್ಕೂಟರೋ ಟಾರ್ಪಾಲಿನ ಕೆಳಗೆ ನಿಂತಿರಬಹುದು. ಕಬಾಡಿಯವನನ್ನು ಕರೆಯುವ ಮುನ್ನ, ಅಥವಾ ಹೊಸದರಂತೆ ಮಾಡಿಸುವ ಮುನ್ನ, ಒಂದು ರವಿವಾರ ಅದಕ್ಕೆ ಮೀಸಲಿಡಿ.

ನಾಲ್ಕೂ ದಿಕ್ಕಿನಿಂದ ಅದರ ಚಿತ್ರ ತೆಗೆಯಿರಿ; ಬಾನೆಟ್ ತೆರೆದು ಇನ್ನೊಂದು. ಎಂಜಿನಿನ ಮೇಲಿನ ನಂಬರನ್ನೂ ಚೌಕಟ್ಟಿನ ನಂಬರನ್ನೂ ನೋಂದಣಿ ಪುಸ್ತಕದೊಡನೆ ತಾಳೆ ನೋಡಿ ಬರೆದಿಡಿ. ಯಾವ ಭಾಗ ಯಾವಾಗ ಬದಲಾಯಿತು, ಯಾವ ಗಾಡಿಯದನ್ನು ಹಾಕಿದರು, ಯಾವ ಪೇಟೆಯಲ್ಲಿ ಸಿಕ್ಕಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಕೆಲಸ ಮಾಡಿದ ಮಿಸ್ತ್ರಿ ಇನ್ನೂ ಇದ್ದರೆ ಅವರನ್ನು ಮನೆಗೆ ಕರೆದು ಚಹಾ ಕೊಟ್ಟು ಮಾತಾಡಿಸಿ. ಅವರ ಉಸ್ತಾದ್ ಯಾರು, ಎಲ್ಲಿ ಕಲಿತರು ಎಂದು ಕೇಳಿ. ಹಳೆಯ ಬಿಡಿಭಾಗವನ್ನು ತೆಗೆದು ಹೊಸದು ಹಾಕುವುದಾದರೆ, ತೆಗೆದದ್ದನ್ನು ಎಸೆಯದೆ ಚೀಟಿ ಕಟ್ಟಿ ಡಬ್ಬದಲ್ಲಿಡಿ. ಇದಕ್ಕೆ ಖರ್ಚೇನೂ ಇಲ್ಲ.

ಮಕ್ಕಳನ್ನು ಜೊತೆಗಿಟ್ಟುಕೊಂಡು ಈ ಕೆಲಸ ಮಾಡಿದರೆ ಲಾಭ ಎರಡು ಪಟ್ಟು. ಪಿಸ್ಟನ್ ಎಂದರೇನು ಎಂಬುದನ್ನು ಪುಸ್ತಕದ ಚಿತ್ರದಿಂದ ಕಲಿಯುವುದಕ್ಕೂ ಅಂಟಿಕೊಂಡ ಪಿಸ್ಟನನ್ನು ಅಲುಗಿಸಿ ಕಲಿಯುವುದಕ್ಕೂ ಅಂತರವಿದೆ. ಅಜ್ಜ ಯಾವ ಊರಿನಿಂದ, ಯಾವ ವರ್ಷ, ಯಾವ ಕೆಲಸಕ್ಕಾಗಿ ಇಲ್ಲಿಗೆ ಬಂದರು ಎಂಬ ಮಾತೂ ಆ ನೆಪದಲ್ಲಿ ಹೊರಡುತ್ತದೆ. ಕಾರಿನ ಇತಿಹಾಸ ಬರೆಯಲು ಕೂತವರು ಮನೆತನದ ಇತಿಹಾಸವನ್ನೂ ಅರ್ಧ ಬರೆದಿರುತ್ತಾರೆ.

ಚೌಮಹಲ್ಲಾದ ಹಳದಿ ಕಾರನ್ನು ನೋಡಿಕೊಳ್ಳಲು ಜನರಿದ್ದಾರೆ. ಬಹದ್ದೂರ್‌ಪುರದ ಬದನೆಕಾಯಿ ಕಾರನ್ನೂ ನೋಡಿಕೊಳ್ಳಲು ಜನರಿದ್ದಾರೆ. ಗಲ್ಲಿಯ ಶೆಡ್ಡಿನಲ್ಲಿ ಮರುಹುಟ್ಟು ಪಡೆದ ಕಾರುಗಳಿಗೆ ಮಾತ್ರ ನಾವಲ್ಲದೆ ಬೇರೆ ದಿಕ್ಕಿಲ್ಲ. ಹೀಗೆ ಬರೆದ ಟಿಪ್ಪಣಿಗಳನ್ನು ಪತ್ರಿಕೆಗೆ ಕಳಿಸಿಕೊಟ್ಟರೆ ಒಂದೆಡೆ ಕೂಡಿಡಬಹುದು. ನಾಲ್ಕು ಮನೆಯವರು ಬರೆದರೂ ಅದು ನಾಲ್ಕು ಕಾರುಗಳ ಚರಿತ್ರೆಯಷ್ಟೇ ಆಗದೆ ಈ ನಗರದಲ್ಲಿ ಕನ್ನಡಿಗರು ಬಾಳಿದ ಬಗೆಯ ಚರಿತ್ರೆಯೂ ಆಗುತ್ತದೆ.